ಸಿವಂಗಿ ಎಲ್ಲಿ ಹೋಯಿತು?

ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಟಿ. ಸಿ. ಜೆರ್ಡನ್ 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಒಂದು ಪುಸ್ತಕ ಹೊರತಂದ. ಪ್ರತಿ ಪ್ರಾಣಿಯ ವಿವರಕ್ಕೂ ಮೊದಲು ಅದನ್ನು ಯಾವ ಭಾಷೆಯವರು ಏನೆಂದು ಕರೆಯುತ್ತಾರೆ ಎಂದು ಬರೆಯುವುದು ಅವನ ಕ್ರಮ. ಈಗ ನಾವು ಚೀತಾ ಎನ್ನುವ ಪ್ರಾಣಿಗೆ ಅವನು ಕನ್ನಡದ ಎರಡು ಹೆಸರು ಕೊಟ್ಟಿದ್ದಾನೆ: ಚಿರ್ಚ ಮತ್ತು ಸಿವಂಗಿ. ಹಳೆಯ ನಿಘಂಟುಗಳೂ ಸಿವಂಗಿಗೆ ಬೇಟೆಗೆ ಪಳಗಿಸುವ ಚಿರತೆ ಎಂದೇ ಅರ್ಥ ಹೇಳುತ್ತವೆ, ಕೆಲವೆಡೆ ಕತ್ತೆಕಿರುಬ ಎಂಬ ಅರ್ಥವೂ ಸೇರಿರುತ್ತದೆ. ಅಂದರೆ ನೂರೈವತ್ತು ವರ್ಷಗಳ ಹಿಂದೆ ಈ ಪ್ರಾಣಿಯನ್ನು ಕರೆಯಲು ಕನ್ನಡಿಗರು ಹಿಂದಿಯಿಂದ ಹೆಸರು ತರಬೇಕಾಗಿರಲಿಲ್ಲ.

ಇಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ನಾರ್‌ಕ್ರಾಸ್‌ನಲ್ಲಿ ವಾರದ ಕೊನೆಯ ಕನ್ನಡ ತರಗತಿಗೆ ಬರುವ ಮಕ್ಕಳಿಗೆ ಚಿತ್ರ ತೋರಿಸಿದರೆ ಹುಲಿ, ಸಿಂಹ, ಬೆಕ್ಕು ಥಟ್ಟನೆ ಬಾಯಿಗೆ ಬರುತ್ತವೆ. ಚುಕ್ಕೆಯ ಪ್ರಾಣಿ ಬಂದ ಕೂಡಲೇ ಗೊಂದಲ. ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಇಳಿಯುವ ಕಪ್ಪು ಗೀಟು, ಒಂಟಿ ಒಂಟಿಯಾದ ದುಂಡು ಚುಕ್ಕೆ, ಬೇಟೆನಾಯಿಯಂತೆ ಸಣಕಲು ನಡು: ಇದು ಒಂದು ಪ್ರಾಣಿ, ಚೀತಾ. ಗೀಟಿಲ್ಲದ ಅಗಲ ಮುಖ, ಹೂವಿನ ಎಸಳುಗಳಂತೆ ಗುಂಪುಗೂಡಿದ ಮಚ್ಚೆ, ದಪ್ಪ ಕುತ್ತಿಗೆ: ಇದು ಇನ್ನೊಂದು. ಮನೆಯಲ್ಲಿ ಎರಡಕ್ಕೂ ಚಿರತೆ ಅನ್ನುತ್ತೇವೆ. ಮಕ್ಕಳು ಇಂಗ್ಲಿಷಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬಲ್ಲರು, ಕನ್ನಡಕ್ಕೆ ಬಂದಾಗ ಮಾತ್ರ ಎರಡೂ ಒಂದಾಗಿಬಿಡುತ್ತವೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಹೆಸರನ್ನು ಕೈಬಿಟ್ಟವರು ದೊಡ್ಡವರು.

ಕಾಡಿನ ಬೆಕ್ಕುಗಳ ಹೆಸರುಗಳಿಗೆ ಪ್ರಾಣಿಗಳಷ್ಟೇ ಅಲೆದಾಟವಿದೆ. ಹುಲಿಯಿಂದ ಶುರುಮಾಡೋಣ. ಪಂಪನ ಕಾಲದ ಕನ್ನಡದಲ್ಲಿ ಅದು ಪುಲಿ. ಹತ್ತನೆಯ ಶತಮಾನದ ಆಸುಪಾಸಿನಿಂದ ಕನ್ನಡದ ಪದಾದಿಯ ಪಕಾರ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೊಲ ಹೊಲವಾಯಿತು, ಪುಲಿ ಹುಲಿಯಾಯಿತು. ಇದೇ ಅಲೆಯಲ್ಲಿ ಒಂದು ರಾಜವಂಶದ ಹೆಸರೂ ಬದಲಾಯಿತು. ಹಳೆಯ ಶಾಸನಗಳಲ್ಲಿ ಪೊಯ್ಸಳ, ಆಮೇಲೆ ಹೊಯ್ಸಳ. ಮುನಿ 'ಪೊಯ್ ಸಳ' ಎಂದ, ಸಳ ಹುಲಿಯನ್ನು ಹೊಡೆದ ಎಂಬ ಐತಿಹ್ಯದಲ್ಲಿ ಹೊಡೆಯುವ ಕ್ರಿಯಾಪದ, ಹೊಡೆಸಿಕೊಂಡ ಪ್ರಾಣಿ, ಹೊಡೆದವನ ವಂಶ ಮೂರೂ ಪಕಾರವನ್ನು ಕಳೆದುಕೊಂಡವು. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಸಳನೆದುರು ನಿಂತ ಪ್ರಾಣಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದಕ್ಕೆ ಸುರುಳಿ ಸುರುಳಿಯಾದ ಕೇಸರವಿದೆ. ಕತೆ ಹುಲಿಯದು, ಕಲ್ಲಿನಲ್ಲಿ ಮೂಡಿದ್ದು ಸಿಂಹದ ಹೋಲಿಕೆ. ಹೆಸರು ಒಂದು ಕಡೆ, ಪ್ರಾಣಿ ಒಂದು ಕಡೆ ಹೋಗುವುದು ಅಷ್ಟು ಹಳೆಯ ಸಂಗತಿ.

ಪಕಾರ ಪೂರ್ತಿ ಹೋಗಲಿಲ್ಲ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಹೆಬ್ಬುಲಿ ಎನ್ನುವಾಗ ನಡುವೆ ಒತ್ತಿಬರುವ ಬಕಾರ ಯಾವುದು? ಪೆರ್ ಎಂದರೆ ದೊಡ್ಡದು, ಅದಕ್ಕೆ ಪುಲಿ ಸೇರಿ ಪೆರ್ಬುಲಿ. ಮೊದಲಲ್ಲಿದ್ದ ಪಕಾರ ಹಕಾರವಾಗಿ ಸವೆಯಿತು, ನಡುವೆ ಸಿಕ್ಕಿಕೊಂಡದ್ದು ಬಕಾರವಾಗಿ ಉಳಿದುಕೊಂಡಿತು. ಸಿನಿಮಾ ಪೋಸ್ಟರಿನ ಮೇಲೆ ಹೆಬ್ಬುಲಿ ಎಂದು ಓದುವ ಹುಡುಗ ತನಗೆ ತಿಳಿಯದೆಯೇ ಹಳಗನ್ನಡದ ಪುಲಿಯನ್ನು ಉಚ್ಚರಿಸುತ್ತಾನೆ.

ಭಾಷೆಯ ಗಡಿ ದಾಟಿದರೆ ಕೆಲವೆಡೆ ಹೆಸರು ಉಳಿದು ಪ್ರಾಣಿಯೇ ಬದಲಾಗುತ್ತದೆ. ತುಳುವಿನಲ್ಲಿ ಪಿಲಿ. ಮಂಗಳೂರಿನ ಪಿಲಿವೇಷದಲ್ಲಿ ಪಟ್ಟೆ ಪಿಲಿಯೂ ಉಂಟು, ಚಿಟ್ಟೆ ಪಿಲಿಯೂ ಉಂಟು. ಮೊದಲನೆಯದು ಹುಲಿ, ಎರಡನೆಯದು ಚಿರತೆ. ತಮಿಳಿನಲ್ಲಿ ಪುಲಿ ಹುಲಿಯೇ. ಮಲಯಾಳದಲ್ಲಿ ಪುಲಿ ಎಂದರೆ ಚಿರತೆ, ಹುಲಿಗೆ ಅವರು ಕಡುವ ಎನ್ನುತ್ತಾರೆ. ಕೊಡವ ಭಾಷೆಯಲ್ಲಂತೂ ಹುಲಿಗೆ ನರಿ ಎಂದೇ ಹೆಸರು. ಹುಲಿ ಕೊಂದ ವೀರನನ್ನು ಮದುಮಗನಂತೆ ಸಿಂಗರಿಸಿ ಸತ್ತ ಹುಲಿಯ ಜೊತೆ ಕೂರಿಸಿ ಮಾಡುತ್ತಿದ್ದ ಮದುವೆಗೆ ನರಿಮಂಗಲ ಎನ್ನುತ್ತಿದ್ದರು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಎಂಬ ನಮ್ಮ ಗಾದೆಯನ್ನು ಮಡಿಕೇರಿಯ ಹಿರಿಯರೊಬ್ಬರು ಮೊದಲ ಸಲ ಕೇಳಿದಾಗ ಏನು ಅಂದುಕೊಂಡಿದ್ದಾರು!

ಬೆಕ್ಕಿನ ಕತೆಯೂ ಹೀಗೇ. ಬೆಕ್ಕು ಹಿಂದೆ ಬೆರ್ಕು. ತಮಿಳಿನಲ್ಲಿ ಅದರ ಅಣ್ಣತಮ್ಮ ವೆರುಗು. ಸಂಗಂ ಕಾವ್ಯಗಳಲ್ಲಿ ವೆರುಗು ಎಂದರೆ ಸಂಜೆಗತ್ತಲಲ್ಲಿ ಕೋಳಿ ಹಿಡಿಯಲು ಹೊಂಚುವ ಕಾಡುಬೆಕ್ಕು. ಮಲಯಾಳದಲ್ಲಿ ವೆರುಗ್ ಎಂದರೆ ಪುನುಗುಬೆಕ್ಕು. ಕನ್ನಡದಲ್ಲಿ ಮಾತ್ರ ಅದು ಒಲೆಯ ಬದಿಗೆ ಬಂದು ಮಲಗಿದೆ. ಬೆಕ್ಕು ಎಂಬ ಪದ ಮೊದಲು ಕಾಡಿನದಾಗಿತ್ತು, ಆಮೇಲೆ ಮನೆಯದಾಯಿತು ಎಂದೇ ನನ್ನ ಎಣಿಕೆ. ಪದ ಮನೆಗೆ ಬಂದ ಮೇಲೆ ಕಾಡಿನಲ್ಲಿದ್ದವುಗಳಿಗೆಲ್ಲ ಒಟ್ಟಾಗಿ ಕಾಡುಬೆಕ್ಕು ಎಂಬ ಒಂದೇ ಹೆಸರು ಉಳಿಯಿತು.

ಇನ್ನು ಚಿರತೆ. ತಮಿಳಿನ ಚಿರುತ್ತೈ, ತೆಲುಗಿನ ಚಿರುತ ಎರಡರಲ್ಲೂ ಚಿರು ಇದೆ. ಚಿರು ಎಂದರೆ ಚಿಕ್ಕದು, ಹುಲಿಗಿಂತ ಚಿಕ್ಕದು. ತಮಿಳು ತೆಲುಗುಗಳಲ್ಲಿ ಚಕಾರ ಇರುವ ಅನೇಕ ಕಡೆ ಕನ್ನಡ ಹಳೆಯ ಕಕಾರವನ್ನೇ ಉಳಿಸಿಕೊಳ್ಳುತ್ತದೆ. ಅವರ ಚೆವಿ ನಮ್ಮ ಕಿವಿ, ಅವರ ಚಿರು ನಮ್ಮ ಕಿರು. ಈ ಲೆಕ್ಕದಲ್ಲಿ ಚಿರತೆ ನೆರೆಮನೆಯಿಂದ ಬಂದ ಪದ ಇರಬೇಕು. ನಮ್ಮದೇ ಆದ ಪದ ಕಿರುಬ ಎಂದು ನನಗೆ ಕಾಣುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕುರಿ ಹೊತ್ತೊಯ್ದ ಚಿರತೆಯನ್ನು ಇಂದಿಗೂ ಕಿರುಬ ಎನ್ನುವವರಿದ್ದಾರೆ, ಅದಕ್ಕೇ ಹೈನಾಗೆ ಕತ್ತೆಕಿರುಬ ಎಂದು ಬೇರೆ ಹೆಸರು ಬೇಕಾಯಿತು. ಮಲೆನಾಡಿನ ಕೆಲವು ಕಡೆ ಚಿರತೆಗೆ ಕುರ್ಕ ಎನ್ನುತ್ತಾರೆ. ಪತ್ರಿಕೆ, ಪಠ್ಯಪುಸ್ತಕ, ಅರಣ್ಯ ಇಲಾಖೆಯ ಬೋರ್ಡು ಎಲ್ಲದರಲ್ಲೂ ಚಿರತೆ ಒಂದೇ ನಿಂತಮೇಲೆ ಕಿರುಬವೂ ಕುರ್ಕವೂ ಅಜ್ಜಿಯರ ಬಾಯಲ್ಲಿ ಉಳಿದುಕೊಂಡವು.

ಸಿವಂಗಿಗೆ ಆ ಭಾಗ್ಯವೂ ಇರಲಿಲ್ಲ, ಏಕೆಂದರೆ ಪ್ರಾಣಿಯೇ ಹೋಯಿತು.

ಸಿವಂಗಿ ಒಂದು ಕಾಲಕ್ಕೆ ನಮ್ಮ ಬಯಲುಸೀಮೆಯ ಪ್ರಾಣಿ. ಅದಕ್ಕೆ ಕಾಡಿನ ಮರೆ ಬೇಕಿಲ್ಲ, ಹುಲ್ಲುಗಾವಲೂ ಕೃಷ್ಣಮೃಗವೂ ಬೇಕು. ರಾಣೆಬೆನ್ನೂರಿನಲ್ಲಿ, ಮಧುಗಿರಿಯ ಮೈದನಹಳ್ಳಿಯಲ್ಲಿ ಇಂದಿಗೂ ಕೃಷ್ಣಮೃಗಗಳ ಹಿಂಡು ಓಡುವ ಬಯಲನ್ನು ನೋಡಿದರೆ ಆ ಓಟ ಯಾರಿಂದ ತಪ್ಪಿಸಿಕೊಳ್ಳಲು ಕಲಿತ ಓಟ ಎಂದು ತಿಳಿಯುತ್ತದೆ. ಇದನ್ನು ಪಳಗಿಸಿ ಬೇಟೆಗೆ ಬಿಡುವ ವಿದ್ಯೆಯ ಬಹಳ ಹಳೆಯ ಉಲ್ಲೇಖವೊಂದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿದೆ. ಗ್ರಂಥದ ಕಾಲ ಸುಮಾರು 1130. ಅವನ ರಾಜಧಾನಿ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಂದರೆ ಸಿವಂಗಿ ಬೇಟೆಯ ಪಾಠ ಮೊಗಲರು ಬರುವುದಕ್ಕೆ ನಾಲ್ಕು ಶತಮಾನ ಮೊದಲೇ ಕನ್ನಡದ ನೆಲದಲ್ಲಿ ಬರಹಕ್ಕೆ ಇಳಿದಿತ್ತು.

ಬೇಟೆಯ ಕ್ರಮ ಹೀಗಿತ್ತು. ಸಿವಂಗಿಯ ಕಣ್ಣಿಗೆ ಪಟ್ಟಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಎತ್ತಿನ ಗಾಡಿಯ ಮೇಲೆ ಕೂರಿಸಿ ಒಯ್ಯುತ್ತಿದ್ದರು. ಗಾಡಿಯನ್ನು ದಿನಾ ನೋಡಿದ ಜಿಂಕೆಗಳು ಹೆದರುತ್ತಿರಲಿಲ್ಲ. ಹಿಂಡು ಹತ್ತಿರವಾದಾಗ ಪಟ್ಟಿ ಬಿಚ್ಚಿ ತಲೆಯನ್ನು ಜಿಂಕೆಯ ಕಡೆ ತಿರುಗಿಸಿ ಬಿಡುತ್ತಿದ್ದರು. ಕೆಲವೇ ಕ್ಷಣದ ಓಟ. ಸಿಕ್ಕರೆ ಗಂಟಲು ಹಿಡಿದು ಕೂರುತ್ತಿತ್ತು. ಆಳು ಓಡಿಹೋಗಿ ಮರದ ಸೌಟಿನಲ್ಲಿ ಬಿಸಿರಕ್ತವನ್ನೋ ಮಾಂಸದ ತುಂಡನ್ನೋ ಕೊಟ್ಟು ಹಿಡಿತ ಬಿಡಿಸುತ್ತಿದ್ದ. ಮದರಾಸಿನ ಗವರ್ನರ್ ಜಾರ್ಜ್ ಪಿಗಟ್ ಒಂದು ಸಿವಂಗಿಯನ್ನು ಇಂಗ್ಲೆಂಡಿನ ರಾಜನಿಗೆ ಕಾಣಿಕೆಯಾಗಿ ಒಯ್ದಿದ್ದ. ಅದನ್ನು ಚಿತ್ರಕಾರ ಜಾರ್ಜ್ ಸ್ಟಬ್ಸ್ 1765ರ ಸುಮಾರಿಗೆ ಬರೆದ ಚಿತ್ರ ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯಲ್ಲಿದೆ. ಬಿಳಿ ಉಡುಪಿನ ಇಬ್ಬರು ಭಾರತೀಯ ಆಳುಗಳು, ಪ್ರಾಣಿಯ ತಲೆಯ ಮೇಲೆ ಸರಿಸಿದ ಕೆಂಪು ಪಟ್ಟಿ, ನಡುವಿಗೆ ಕೆಂಪು ವಸ್ತ್ರ. ದಕ್ಷಿಣ ಭಾರತದ ಸಿವಂಗಿ ಹೇಗಿತ್ತು ಎಂದು ತಿಳಿಯಬೇಕಾದರೆ ಇಂಥ ಚಿತ್ರಗಳನ್ನೇ ನೋಡಬೇಕು.

ಪಳಗಿಸಿದ್ದೇ ಅದರ ಸಾವಿಗೆ ಒಂದು ಕಾರಣವಾಯಿತು. ಬೋನಿನಲ್ಲಿ, ಸರಪಳಿಯಲ್ಲಿ ಅದು ಮರಿ ಹಾಕುತ್ತಿರಲಿಲ್ಲ. ಅಕ್ಬರನ ಬಳಿ ಸಾವಿರ ಚೀತಾಗಳಿದ್ದವೆಂದು ಜಹಾಂಗೀರ್ ಬರೆದಿದ್ದಾನೆ, ಅಷ್ಟರ ನಡುವೆಯೂ ಮರಿ ಹುಟ್ಟಿದ್ದನ್ನು ಅವನು ಒಂದು ಅಚ್ಚರಿಯೆಂದು ದಾಖಲಿಸಿದ್ದು ಒಂದೇ ಸಲ. ಆಮೇಲೆ ಮನುಷ್ಯನ ಸಾಕಣೆಯಲ್ಲಿ ಮರಿ ಹುಟ್ಟಿದ ದಾಖಲೆ ಸಿಗುವುದು 1956ರಲ್ಲಿ, ಇದೇ ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ. ಹಾಗಾಗಿ ಪ್ರತಿ ಅರಮನೆಯ ಪ್ರತಿ ಬೇಟೆಚೀತಾವೂ ಕಾಡಿನಿಂದ ಹಿಡಿದು ತಂದದ್ದು. ಶತಮಾನಗಟ್ಟಲೆ ಹೀಗೆ ಹಿಡಿದರು, ಜೊತೆಗೆ ಹುಲ್ಲುಗಾವಲು ಹೊಲವಾಯಿತು, ಜಿಂಕೆ ಬಂದೂಕಿಗೆ ಬಿತ್ತು. ಇಂದಿನ ಛತ್ತೀಸಗಢದ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಗ್ ದೇವ್ 1947ರಲ್ಲಿ ಒಂದೇ ರಾತ್ರಿ ಮೂರು ಚೀತಾಗಳನ್ನು ಹೊಡೆದ. ಅವೇ ಕೊನೆಯವು ಎಂಬ ಮಾತಿದೆ. 1952ರಲ್ಲಿ ಸರ್ಕಾರ ಈ ಪ್ರಾಣಿ ಭಾರತದಲ್ಲಿ ಇಲ್ಲವೆಂದು ಘೋಷಿಸಿತು.

ಪ್ರಾಣಿ ಹೋದ ಮೇಲೆ ಹೆಸರು ಮೂರು ದಾರಿ ಹಿಡಿಯಿತು. ತಮಿಳರು ಅದನ್ನು ಒಂದು ಆಫ್ರಿಕಾದ ಪ್ರಾಣಿಗೆ ತೊಡಿಸಿದರು. ಜಿರಾಫೆಗೆ ತಮಿಳಿನಲ್ಲಿ ಒಟ್ಟಗಚ್ಚಿವಿಂಗಿ, ಒಂಟೆಯ ಮೈಕಟ್ಟು ಮತ್ತು ಸಿವಿಂಗಿಯ ಚುಕ್ಕೆ. ಗ್ರೀಕರೂ ಜಿರಾಫೆಯನ್ನು ಒಂಟೆ ಮತ್ತು ಚಿರತೆ ಸೇರಿಸಿಯೇ ಕರೆದಿದ್ದರು, ಅದರ ವೈಜ್ಞಾನಿಕ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಚೀತಾಕ್ಕೆ ತಮಿಳು ಪತ್ರಿಕೆಗಳು ಸಿವಿಂಗಿಪ್ಪುಲಿ ಎಂದೇ ಬರೆಯುತ್ತವೆ. ತೆಲುಗಿನಲ್ಲಿ ಶಿವಂಗಿ ಹೆಣ್ಣುಸಿಂಹವಾಯಿತು. ಇಲ್ಲಿ ನಮ್ಮ ಗ್ವಿನೆಟ್ ಕೌಂಟಿಯ ಯಾವ ತೆಲುಗು ಮನೆಯಲ್ಲಾದರೂ ಕೇಳಿ, ಯಾರಿಗೂ ಜಗ್ಗದ ಧೈರ್ಯದ ಹುಡುಗಿಯನ್ನು ಶಿವಂಗಿ ಎಂದು ಹೊಗಳುತ್ತಾರೆ. ಕನ್ನಡದಲ್ಲಿ ಅದು ಯಾರಿಗೂ ಅಂಟಿಕೊಳ್ಳಲಿಲ್ಲ. ಚಿರ್ಚ ಎಂಬ ಇನ್ನೊಂದು ಹೆಸರು ಚಿರತೆಯಲ್ಲಿ ಕರಗಿತು. ಎರಡು ಪ್ರಾಣಿಗಳಿಗೆ ಒಂದೇ ಹೆಸರು ಉಳಿದಾಗ, ಒಂದು ಪ್ರಾಣಿ ಇಲ್ಲವಾದದ್ದು ಮಾತಿನಲ್ಲಿ ಗೊತ್ತಾಗುವುದೇ ಇಲ್ಲ. ಚಿರತೆ ಇದೆಯಲ್ಲ ಎಂದು ಸುಮ್ಮನಾಗುತ್ತೇವೆ. ನನ್ನನ್ನು ಕಾಡುವ ವಿಷಯ ಇದೇ.

ನಾನಿರುವ ಈ ನೆಲದಲ್ಲೂ ಹೀಗೇ ಆಗಿದೆ. ನಾರ್‌ಕ್ರಾಸ್‌ನಿಂದ ದಕ್ಷಿಣಕ್ಕೆ ಹೋದರೆ ಡಿಕ್ಯಾಬ್ ಕೌಂಟಿಯಲ್ಲಿ ಪ್ಯಾಂಥರ್ಸ್‌ವಿಲ್ ಎಂಬ ಊರಿದೆ. ಉತ್ತರಕ್ಕೆ ಹೋದರೆ ಹೇಬರ್‌ಷ್ಯಾಮ್ ಕೌಂಟಿಯಲ್ಲಿ ಪ್ಯಾಂಥರ್ ಕ್ರೀಕ್ ಎಂಬ ಹೊಳೆ, ಅದರ ಜಲಪಾತಕ್ಕೆ ಶನಿವಾರ ಭಾನುವಾರ ನಡೆದು ಹೋಗುವವರ ಸಾಲು. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಆಟಗಾರರು ಪ್ಯಾಂಥರ್ಸ್, ಷಾರ್ಲಟ್‌ನ ಫುಟ್‌ಬಾಲ್ ತಂಡ ಕ್ಯಾರೊಲೈನಾ ಪ್ಯಾಂಥರ್ಸ್. ಇಂಗ್ಲಿಷಿನ ಈ ಪದವೂ ಅಲೆಮಾರಿಯೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ತನ್ನ ಶಿಕಾರಿ ಕತೆಗಳಲ್ಲಿ ಪ್ಯಾಂಥರ್ ಎಂದು ಬರೆದದ್ದು ನಮ್ಮ ಚಿರತೆಗೆ. ಜಾರ್ಜಿಯಾಕ್ಕೆ ಬಂದು ನೆಲೆಸಿದವರು ಅದೇ ಪದವನ್ನು ಇಲ್ಲಿನ ದೊಡ್ಡ ಕಾಡುಬೆಕ್ಕು ಪೂಮಾಕ್ಕೆ ಇಟ್ಟರು. ಪೂಮಾಕ್ಕೆ ಚುಕ್ಕೆಯೇ ಇಲ್ಲ, ಒಂದೇ ಕಂದು ಬಣ್ಣ. ಷಾರ್ಲಟ್ ತಂಡದ ಲಾಂಛನದಲ್ಲಿರುವುದು ಕಪ್ಪು ಪ್ರಾಣಿ. ಕಪ್ಪು ಪೂಮಾ ಇದ್ದ ದಾಖಲೆ ಎಲ್ಲೂ ಇಲ್ಲ, ಕಪ್ಪು ಪ್ಯಾಂಥರ್ ಎಂದು ನಾವು ಬಲ್ಲದ್ದು ಕಬಿನಿಯ ಕಾಡಿನಲ್ಲಿ ಓಡಾಡುವಂಥ ಕಪ್ಪು ಚಿರತೆ. ಕ್ಯಾರೊಲೈನಾದ ಮಕ್ಕಳು ಅಂಗಿಯ ಮೇಲೆ ಹೊತ್ತು ತಿರುಗುವ ಪ್ರಾಣಿ ಆ ನೆಲದಲ್ಲಿ ಎಂದೂ ಬಾಳಿದ್ದಲ್ಲ, ಆ ನೆಲದಲ್ಲಿ ಬಾಳಿದ ಪೂಮಾ ಈಗ ಅಲ್ಲಿಲ್ಲ.

ಪೂರ್ವ ಅಮೆರಿಕದ ಪೂಮಾ ನಿರ್ನಾಮವಾಗಿದೆ ಎಂದು ಸರ್ಕಾರ 2011ರಲ್ಲಿ ಹೇಳಿತು, 2018ರಲ್ಲಿ ರಕ್ಷಿತ ಪ್ರಾಣಿಗಳ ಪಟ್ಟಿಯಿಂದ ಅದರ ಹೆಸರು ತೆಗೆಯಿತು. ದಕ್ಷಿಣ ಫ್ಲಾರಿಡಾದ ಜೌಗಿನಲ್ಲಿ ಮಾತ್ರ ಒಂದು ಗುಂಪು ಬದುಕಿಕೊಂಡಿತ್ತು. ಒಂದು ಹಂತದಲ್ಲಿ ಇಪ್ಪತ್ತು ಮೂವತ್ತಕ್ಕೆ ಇಳಿದು, ಒಳಗೊಳಗೇ ಕೂಡಿ, ಬಾಲ ಡೊಂಕಾಗಿ, ಹೃದಯದಲ್ಲಿ ತೂತಿರುವ ಮರಿಗಳು ಹುಟ್ಟತೊಡಗಿದ್ದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪೂಮಾಗಳನ್ನು ತಂದು ಬಿಟ್ಟರು. ಹೊಸ ರಕ್ತ ಸೇರಿ ಮರಿಗಳು ಗಟ್ಟಿಯಾದವು, ಸಂಖ್ಯೆ ನೂರು ದಾಟಿತು. 2008ರ ನವೆಂಬರ್‌ನಲ್ಲಿ ಅಲ್ಲಿಂದ ಹೊರಟ ಒಂದು ಎಳೆಯ ಗಂಡು ನೂರಾರು ಮೈಲಿ ನಡೆದು ಜಾರ್ಜಿಯಾದ ಪಶ್ಚಿಮ ಅಂಚಿನ ಟ್ರೂಪ್ ಕೌಂಟಿಗೆ ಬಂದಿತ್ತು. ಜಿಂಕೆ ಬೇಟೆಗೆ ಕಾದು ಕೂತವನೊಬ್ಬ ಗುಂಡು ಹಾರಿಸಿದ. ವಂಶವಾಹಿ ಪರೀಕ್ಷೆಯಾದ ಮೇಲೆ ಅದು ಫ್ಲಾರಿಡಾದ್ದು ಎಂದು ತಿಳಿಯಿತು. ಪ್ಯಾಂಥರ್ ಎಂಬ ಹೆಸರು ಊರಿಗೆ, ಹೊಳೆಗೆ, ತಂಡಕ್ಕೆ ಇರುವ ರಾಜ್ಯಕ್ಕೆ ನಿಜವಾದ ಪ್ಯಾಂಥರ್ ಒಂದು ನಡೆದು ಬಂದಾಗ ಅದಕ್ಕೆ ಸಿಕ್ಕ ಸ್ವಾಗತ ಅದು.

ಪೂಮಾ ಮತ್ತು ಸಿವಂಗಿಯನ್ನು ನಾನು ಸುಮ್ಮನೆ ಅಕ್ಕಪಕ್ಕ ಇಟ್ಟದ್ದಲ್ಲ, ಅವು ನಿಜಕ್ಕೂ ದಾಯಾದಿಗಳು. ಇಂದಿನ ಬೆಕ್ಕುಗಳೆಲ್ಲದರ ಮೂಲ ಸುಮಾರು 1 ಕೋಟಿ ವರ್ಷಗಳ ಹಿಂದೆ ಏಷ್ಯಾದಲ್ಲಿದ್ದ ಒಂದು ಪ್ರಾಣಿ. ಹುಲಿ, ಸಿಂಹ, ಚಿರತೆಗಳ ಕವಲು ಮೊದಲು ಒಡೆಯಿತು. ಒಟ್ಟು ಎಂಟು ಕವಲು. ಸಮುದ್ರ ಇಳಿದಾಗ ಏಷ್ಯಾ ಮತ್ತು ಅಲಾಸ್ಕಾ ನಡುವೆ ತೆರೆದುಕೊಂಡ ನೆಲದ ಮೇಲೆ ಕೆಲವು ಅಮೆರಿಕಕ್ಕೆ ದಾಟಿದವು. ಸುಮಾರು 67 ಲಕ್ಷ ವರ್ಷಗಳ ಹಿಂದೆ ಒಡೆದ ಒಂದು ಕವಲಿನಲ್ಲಿ ಪೂಮಾ, ಜಾಗ್ವಾರುಂಡಿ ಮತ್ತು ಚೀತಾ ಬರುತ್ತವೆ. ಹಾಗಾಗಿ ಚುಕ್ಕೆ ಒಂದೇ ಥರ ಕಂಡರೂ ಸಿವಂಗಿಗೆ ಚಿರತೆ ದೂರದ ನಂಟ, ಚುಕ್ಕೆಯಿಲ್ಲದ ಜಾರ್ಜಿಯಾದ ಪೂಮಾ ಹತ್ತಿರದ ನಂಟ. ಅಮೆರಿಕದಲ್ಲೂ ಚೀತಾದಂತೆ ಓಡುವ ಮಿರಾಸಿನೊನಿಕ್ಸ್ ಎಂಬ ಬೆಕ್ಕು ಇತ್ತು. ಹಿಮಯುಗದ ಕೊನೆಗೆ ಅದು ಅಳಿಯಿತು. ಅದು ಬೆನ್ನಟ್ಟುತ್ತಿದ್ದ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ ಇಂದಿಗೂ ಪಶ್ಚಿಮದ ಬಯಲಿನಲ್ಲಿ, ಈಗಿನ ಯಾವ ಶತ್ರುವಿಗೂ ಬೇಕಿಲ್ಲದಷ್ಟು ವೇಗವಾಗಿ ಓಡುತ್ತಿದೆ.

ಅದೇ ಹಿಮಯುಗದ ಕೊನೆಯಲ್ಲಿ ಚೀತಾವೂ ಅಳಿವಿನ ಬಾಯಿಗೆ ಹೋಗಿ ಬಂದಿತ್ತು. ಇದನ್ನು ಕಂಡುಹಿಡಿದದ್ದು ವಾಷಿಂಗ್ಟನ್ ಸುತ್ತಮುತ್ತಲಿನ ವಿಜ್ಞಾನಿಗಳು: ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದ ಸ್ಟೀಫನ್ ಓಬ್ರಯನ್ ಮತ್ತು ರಾಷ್ಟ್ರೀಯ ಮೃಗಾಲಯದ ಡೇವಿಡ್ ವೈಲ್ಟ್, ಮಿಚೆಲ್ ಬುಷ್. 1980ರ ದಶಕದಲ್ಲಿ ಅವರು ಒಂದು ಚೀತಾದ ಚರ್ಮದ ತುಂಡನ್ನು ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿದರು. ಸಾಮಾನ್ಯವಾಗಿ ಮೈ ಪರರ ಚರ್ಮವನ್ನು ತಳ್ಳಿಹಾಕುತ್ತದೆ. ಚೀತಾ ಅದನ್ನು ತನ್ನದೆಂದೇ ಒಪ್ಪಿಕೊಂಡಿತು. ಸುಮಾರು 10ರಿಂದ 12 ಸಾವಿರ ವರ್ಷಗಳ ಹಿಂದೆ ಬದುಕುಳಿದ ಕೆಲವೇ ಪ್ರಾಣಿಗಳಿಂದ ಮುಂದಿನ ಸಂತಾನವೆಲ್ಲ ಬಂದದ್ದರಿಂದ ಎಲ್ಲವೂ ಒಡಹುಟ್ಟಿದವರಷ್ಟು ಒಂದೇ ಆಗಿವೆ. ಒಂದು ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ತಗಲುವ ಅಪಾಯ. ವರ್ಜೀನಿಯಾದ ಫ್ರಂಟ್ ರಾಯಲ್‌ನಲ್ಲಿ ಇದೇ ಮೃಗಾಲಯದ ಕೇಂದ್ರ ಚೀತಾಗಳ ತಳಿ ಬೆಳೆಸುತ್ತಿದೆ. ಅಲ್ಲಿನವರ ನೆರವಿನಿಂದ 2020ರ ಫೆಬ್ರವರಿಯಲ್ಲಿ ಒಹಾಯೊದ ಕೊಲಂಬಸ್ ಮೃಗಾಲಯದಲ್ಲಿ ಪ್ರನಾಳದಲ್ಲಿ ಬೆಳೆಸಿದ ಭ್ರೂಣದಿಂದ, ಬಾಡಿಗೆ ತಾಯಿಯ ಹೊಟ್ಟೆಯಲ್ಲಿ, ಎರಡು ಚೀತಾ ಮರಿಗಳು ಹುಟ್ಟಿದವು. ಕಾಡಿನಲ್ಲಿ ಈಗ ಉಳಿದಿರುವ ಚೀತಾಗಳು ಸುಮಾರು 7,000. ಏಷ್ಯಾದ ಚೀತಾ, ಅಂದರೆ ನಮ್ಮ ಸಿವಂಗಿಯ ಸ್ವಂತ ಬಳಗ, ಇರಾನಿನಲ್ಲಿ ಮಾತ್ರ ಬೆರಳೆಣಿಕೆಯಷ್ಟು ಉಳಿದಿದೆ.

ಅಳಿವು ತಪ್ಪದ ವಿಧಿ ಎಂದು ನಾನು ನಂಬುವುದಿಲ್ಲ. ಬಂಡೀಪುರ 1973ರ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು, 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. ಸ್ಪೇನ್ ಮತ್ತು ಪೋರ್ಚುಗಲ್‌ನ ಲಿಂಕ್ಸ್ ಎಂಬ ಕಾಡಿನ ಬೆಕ್ಕು 2002ರಲ್ಲಿ ನೂರಕ್ಕೂ ಕಡಿಮೆಯಿದ್ದದ್ದು ಈಗ 2,000 ದಾಟಿದೆ. ಜನ ಹೆಸರು ಬಲ್ಲ, ಹಠ ಹಿಡಿದು ಕಾಯ್ದ ಪ್ರಾಣಿಗಳಿವು. ನನಗೆ ಭಯವಿರುವುದು ಹೆಸರಿಲ್ಲದವುಗಳ ಬಗ್ಗೆ. ತುಕ್ಕಿನ ಬಣ್ಣದ ಚುಕ್ಕೆಗಳಿರುವ, ಒಂದೂವರೆ ಕಿಲೋ ತೂಗುವ, ಜಗತ್ತಿನ ಅತಿ ಸಣ್ಣ ಬೆಕ್ಕುಗಳಲ್ಲಿ ಒಂದು ನಮ್ಮ ಕರ್ನಾಟಕದಲ್ಲಿದೆ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಊರ ಪಕ್ಕದ ಬಂಡೆಗುಡ್ಡದಲ್ಲಿ ಅದನ್ನು ಕಂಡವನೂ ಕಾಡುಬೆಕ್ಕು ಎಂದಷ್ಟೇ ಹೇಳುತ್ತಾನೆ. ನಾಳೆ ಆ ಗುಡ್ಡ ಕ್ವಾರಿಯಾಗಿ ಅದು ಹೋದರೆ ಇನ್ನೊಂದು ಜಾತಿಯ ಕಾಡುಬೆಕ್ಕು ಅಲ್ಲಿ ಓಡಾಡುತ್ತಿರುತ್ತದೆ, ಮಾತಿನಲ್ಲಿ ಏನೂ ಕಳೆದಿರುವುದಿಲ್ಲ. ಸಿವಂಗಿಗೆ ಆದದ್ದೇ ಇದು.

2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, ಮುಂದಿನ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಕೆಲವು ಸತ್ತವು, ಮರಿಗಳೂ ಹುಟ್ಟಿದವು. ಮೈಸೂರು ಮೃಗಾಲಯಕ್ಕೂ 2020ರಲ್ಲಿ ಮೂರು ಬಂದಿದ್ದವು. ಇವು ಆಫ್ರಿಕಾದ ಬಳಗ, ಸೋಮೇಶ್ವರ ಕಂಡವಲ್ಲ ಎಂಬ ಮಾತು ನಿಜ. ಆದರೂ ಜಾತಿ ಅದೇ, ಕಣ್ಣಿನ ಕೆಳಗಿನ ಕಪ್ಪು ಗೀಟು ಅದೇ. ಸುದ್ದಿ ಬರೆಯುವಾಗ ನಮ್ಮ ಪತ್ರಿಕೆಗಳು ಚೀತಾ ಎಂದವು, ಕೇಳಿದವರಲ್ಲಿ ಅನೇಕರು ಚಿರತೆ ಎಂದು ತಿಳಿದು, ನಮ್ಮೂರಲ್ಲೇ ಬೇಕಾದಷ್ಟಿವೆಯಲ್ಲ, ಅಲ್ಲಿಂದ ಯಾಕೆ ತರಬೇಕು ಎಂದರು. ಸಿವಂಗಿ ಎಂಬ ಪದ ಕೈಯಲ್ಲಿದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಪಠ್ಯಪುಸ್ತಕ ಬರೆಯುವವರಲ್ಲಿ, ಪತ್ರಿಕೆಯವರಲ್ಲಿ, ಮೃಗಾಲಯದ ಫಲಕ ಬರೆಸುವವರಲ್ಲಿ, ಹೊರನಾಡಿನ ಕನ್ನಡ ತರಗತಿಗಳಲ್ಲಿ ಪಾಠ ಹೇಳುವ ನನ್ನಂಥವರಲ್ಲಿ ನನ್ನ ಕೋರಿಕೆ ಇಷ್ಟು: ಚೀತಾಕ್ಕೆ ಸಿವಂಗಿ ಎನ್ನೋಣ, ಚಿರತೆಯನ್ನು ಚಿರತೆಗೇ ಬಿಡೋಣ. ಈ ಬರಹ ಓದಿದವರು ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮನೆಯ ಹಿರಿಯರನ್ನು ಕೇಳಿ. ಕೊಟ್ಟಿಗೆಗೆ ಬಂದು ಕರು ಹಿಡಿದದ್ದಕ್ಕೆ ಅವರು ಏನೆನ್ನುತ್ತಿದ್ದರು, ಕೋಳಿ ಹಿಡಿದದ್ದಕ್ಕೆ ಏನೆನ್ನುತ್ತಿದ್ದರು, ಮರದ ಮೇಲಿಂದ ಇಳಿದು ಬರುತ್ತಿದ್ದದ್ದಕ್ಕೆ ಏನೆನ್ನುತ್ತಿದ್ದರು ಎಂದು ಬಿಡಿಸಿ ಕೇಳಿ. ಹೇಳಿದ ಹೆಸರನ್ನು ಊರು, ತಾಲ್ಲೂಕು ಸಮೇತ ಬರೆದಿಡಿ.